ಚಿತ್ರಕ್ಕೆ ಇಂಗ್ಲಿಷ್ ಪ್ರತಿ ನೋಡಬೇಕೇ?

(ಗೋಕಾಕಿನಲ್ಲಿ ಸೇರಿದ್ದ ಕನ್ನಡ ತರುಣರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಪಾಠ)



ಗೋಕಾಕ ಎಂದಕೂಡಲೇ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಓದಿದ ನಿಮಗೆ ನೆನಪಾಗುವುದು 1982ರ ಚಳವಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಚಳವಳಿಗೆ ಹೆಸರು ಬಂದದ್ದು ನಮ್ಮ ಊರಿನಿಂದಲ್ಲ, ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯಿಂದ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ನಮ್ಮೂರಿನದು ಕರದಂಟು, ಜಲಪಾತ, ಹತ್ತಿಯ ಗಿರಣಿ. ಆದರೂ ಹೆಸರಿನ ಋಣ ಎಂಬುದೊಂದಿದೆ. ಆ ಸಮಿತಿ ಕೇಳಿದ್ದು ಶಾಲೆಯಲ್ಲಿ ಕನ್ನಡದ ಜಾಗ ಎಲ್ಲಿ ಅಂತ. ನಾನೂ ಇವತ್ತು ಅದನ್ನೇ ಕೇಳುತ್ತೇನೆ. ಆದರೆ ನನ್ನದು ಸಣ್ಣ ಜಾಗ. ಹತ್ತನೇ ತರಗತಿಯ ರಸಾಯನಶಾಸ್ತ್ರದ ಪುಟದಲ್ಲಿ ಬೆಂಕಿಪೆಟ್ಟಿಗೆಯಷ್ಟು ಅಗಲದ ಜಾಗ. ಅಲ್ಲಿ ಒಂದು ಆರು ಮೂಲೆಯ ಚಿತ್ರ ಇರಬೇಕು. ಇರುವುದಿಲ್ಲ.

ನಾನು ವಿಜ್ಞಾನಿ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ನಮ್ಮ ಕೆಲಸ ನಿಮಗೆ ಗೊತ್ತಿರುವಂಥದ್ದೇ: ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ. ಇವುಗಳ ನಡುವೆ ಡಿಸೆಂಬರಿನಿಂದ ಮಾರ್ಚಿನವರೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಿಂದ ಒಂದೇ ಸಮನೆ ಬರುವುದು ಪ್ರಶ್ನೆಪತ್ರಿಕೆ ಮತ್ತು ಅಭ್ಯಾಸದ ಹೊತ್ತಿಗೆಗಳು. ಗಣಿತದವರು ಬರುತ್ತಾರೆ, ಸಮಾಜದವರು ಬರುತ್ತಾರೆ. ವಿಜ್ಞಾನದ ಮೇಷ್ಟರು ಬಂದರೆ ಮಾತ್ರ ನಮ್ಮ ಡಿಟಿಪಿ ಹುಡುಗರ ಮುಖ ಸಪ್ಪಗಾಗುತ್ತದೆ. ಯಾಕೆಂದರೆ ಅವರ ಕೈಯಲ್ಲಿ ಹಾಳೆ ಇರುತ್ತದೆ, ಹಾಳೆಯ ಮೇಲೆ ಪೆನ್ನಿನಿಂದ ಬರೆದ ಅಣುವಿನ ರಚನೆ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆ ನನ್ನ ಕೈಗೆ ಬಂತು. ನನ್ನ ಪ್ರೆಸ್ಸಿನಲ್ಲಿ ಅಚ್ಚಾದದ್ದಲ್ಲ. ಮಾಡಿಸಿದ ಸಂಸ್ಥೆ, ಮಾಡಿದ ಪ್ರೆಸ್ಸು, ಎರಡರ ಹೆಸರೂ ಇಲ್ಲಿ ಬೇಡ. ಇಂಗ್ಲಿಷ್ ಮಾಧ್ಯಮಕ್ಕೊಂದು ಪ್ರತಿ, ಕನ್ನಡ ಮಾಧ್ಯಮಕ್ಕೊಂದು ಪ್ರತಿ. ಇಂಗ್ಲಿಷ್ ಪ್ರತಿಯಲ್ಲಿ ರಚನೆ ಚೊಕ್ಕವಾಗಿ ಅಚ್ಚಾಗಿದೆ. ಕನ್ನಡ ಪ್ರತಿಯಲ್ಲಿ, 'ಕೆಳಗಿನ ರಚನೆಯನ್ನು ಗಮನಿಸಿ ಸಂಯುಕ್ತದ ಹೆಸರು ಬರೆಯಿರಿ' ಎಂದಿದೆ. ಅದರ ಕೆಳಗೆ ಖಾಲಿ ಚೌಕ. ಚೌಕದೊಳಗೆ ಸಣ್ಣ ಅಕ್ಷರದಲ್ಲಿ, 'ಚಿತ್ರಕ್ಕೆ ಇಂಗ್ಲಿಷ್ ಪ್ರತಿ ನೋಡಿರಿ'.

ಕನ್ನಡ ಮಾಧ್ಯಮದ ಕೋಣೆಯಲ್ಲಿ ಇಂಗ್ಲಿಷ್ ಪ್ರತಿ ಎಲ್ಲಿಂದ ಬರಬೇಕು? ಎರಡು ಅಂಕದ ಪ್ರಶ್ನೆ. ಹುಕ್ಕೇರಿ ಕಡೆಯ ಒಂದು ಹಳ್ಳಿಯ ಹುಡುಗಿ ಆ ಚೌಕದೊಳಗೆ ಏನೂ ಬರೆಯದೆ ಬಂದಿದ್ದಳು. ಅವಳಪ್ಪ ಲಗ್ನಪತ್ರಿಕೆ ಮಾಡಿಸಲು ಬಂದಾಗ ಪತ್ರಿಕೆ ತಂದು ತೋರಿಸಿದ. 'ಇದೇನ್ರಿ ಅಣ್ಣಾರ, ಚಿತ್ರಾನೂ ಇಂಗ್ಲಿಷಿನ್ಯಾಗ ಇರ್ತದೇನ್ರಿ?' ಎಂದು ಕೇಳಿದ. ವಿಚಾರಿಸಿದಾಗ ನನಗೆ ಸಿಕ್ಕ ಉತ್ತರ ಇದು: 'ಕನ್ನಡ ಫಾಂಟಿನ್ಯಾಗ ಆ ಚಿತ್ರಾ ಕೂಡಂಗಿಲ್ರಿ.'

ಕೂಡುವುದಿಲ್ಲ ಎಂಬುದು ಸುಳ್ಳು. ಆದರೆ ಆ ಸುಳ್ಳಿನಲ್ಲಿ ಒಂದು ತುಣುಕು ನಿಜ ಇದೆ. ಅದನ್ನು ಬಿಡಿಸಿ ಹೇಳಬೇಕೆಂದೇ ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಈ ಚಿತ್ರ ಎಂದರೇನು ನೋಡಿ. ಬೆಂಜೀನ್ ಎಂಬ ಪದಾರ್ಥವನ್ನು ಫ್ಯಾರಡೆ 1825ರಲ್ಲಿ ಬೇರ್ಪಡಿಸಿದ. ಅದರೊಳಗೆ ಆರು ಇಂಗಾಲ, ಆರು ಜಲಜನಕದ ಪರಮಾಣುಗಳಿವೆ. ಅವು ಹೇಗೆ ಕೂತಿವೆ ಎಂಬುದಕ್ಕೆ 1865ರಲ್ಲಿ ಕೆಕುಲೆ ಉಂಗುರದ ಆಕಾರ ಸೂಚಿಸಿದ. ಇವತ್ತು ನಾವು ಅದನ್ನು ಆರು ಮೂಲೆಯ ಆಕೃತಿಯಾಗಿ ಬರೆದು, ಒಂದು ಬಿಟ್ಟು ಒಂದು ಬದಿಗೆ ಒಳಗೊಂದು ಗೆರೆ ಎಳೆಯುತ್ತೇವೆ. ಒಟ್ಟು ಮೂರು ಒಳಗೆರೆ. ಇಂಗಾಲದ ಅಕ್ಷರವನ್ನೂ ಜಲಜನಕದ ಅಕ್ಷರವನ್ನೂ ಬರೆಯುವುದಿಲ್ಲ. ಮೂಲೆ ಎಂದರೆ ಇಂಗಾಲ, ಇಂಗಾಲಕ್ಕೆ ನಾಲ್ಕು ಕೈ, ಉಳಿದ ಕೈಗಳಲ್ಲೆಲ್ಲ ಜಲಜನಕ ಎಂದು ಓದುವವ ತಿಳಿದುಕೊಳ್ಳುತ್ತಾನೆ.

ಈಗ ಪ್ರೆಸ್ಸಿನವನ ಕಣ್ಣಿನಿಂದ ನೋಡಿ. ಕೋರೆಲ್‌ಡ್ರಾನಲ್ಲಿ ಆ ಮೂರು ಗೆರೆಗಳನ್ನು 'ಹೇರ್‌ಲೈನ್' ದಪ್ಪದಲ್ಲಿ ಎಳೆದಿದ್ದಾರೆ. ಪರದೆಯ ಮೇಲೆ ಕಾಣುತ್ತವೆ. ಟ್ರೇಸಿಂಗ್ ಕಾಗದದ ಮೇಲೂ ಮಬ್ಬಾಗಿ ಬರುತ್ತವೆ. ಪ್ಲೇಟಿಗೆ ಹೋದಾಗ ಮಾಯ! ಉಳಿದದ್ದು ಬರೀ ಷಟ್ಕೋನ. ಬರೀ ಷಟ್ಕೋನ ಎಂದರೆ ಬೆಂಜೀನ್ ಅಲ್ಲ, ಸೈಕ್ಲೋಹೆಕ್ಸೇನ್. ಅದರಲ್ಲಿ ಜಲಜನಕ ಹನ್ನೆರಡು. ನಮ್ಮ ಪ್ಲೇಟಿನ ಮೇಲೆ ಮೂರು ಗೆರೆ ಅಳಿಸಿದರೆ ಆರು ಪರಮಾಣು ಎಲ್ಲಿಂದಲೋ ಹುಟ್ಟಿಬರುತ್ತವೆ. ಲಗ್ನಪತ್ರಿಕೆಯಲ್ಲಿ ಗಣಪತಿಯ ಸೊಂಡಿಲಿನ ಗೆರೆ ಅಳಿಸಿದರೆ ಗಣಪತಿ ಗಣಪತಿಯೇ. ಇಲ್ಲಿ ಹಾಗಲ್ಲ, ಪದಾರ್ಥವೇ ಬದಲಾಗುತ್ತದೆ.

ಒಂದು ಗೆರೆ, ಒಂದು ಅಕ್ಷರದಲ್ಲಿ ಏನಿದೆ ಎಂದು ನಗಬೇಡಿ. ಈಥೈಲ್ ಆಲ್ಕೋಹಾಲಿಗೂ ಮೀಥೈಲ್ ಆಲ್ಕೋಹಾಲಿಗೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಜಲಜನಕ. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ತಯಾರಾಗುವುದು ಮೊದಲನೆಯದು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರಲ್ಲ, ಆ ಸಾರಾಯಿಯಲ್ಲಿ ಬೆರೆತಿದ್ದದ್ದು ಎರಡನೆಯದು. ಇದನ್ನು ಹತ್ತನೇ ತರಗತಿಯ ಹುಡುಗ ತನ್ನ ಭಾಷೆಯಲ್ಲಿ, ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡಿ ತಿಳಿಯಬೇಕು. ಖಾಲಿ ಚೌಕದಲ್ಲಿ ಏನನ್ನು ನೋಡುತ್ತಾನೆ?

ಹಿಂದೆ ಇದನ್ನು ಹೇಗೆ ಅಚ್ಚು ಹಾಕುತ್ತಿದ್ದರು? ನನ್ನ ಅಪ್ಪನದು ಮೊಳೆ ಜೋಡಿಸುವ ಕಾಲ, ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ. ನೀರಿನ ಸೂತ್ರ ಜೋಡಿಸಬೇಕಾದರೆ ಕನ್ನಡದ ಕೇಸು ಬಿಟ್ಟು ಇಂಗ್ಲಿಷ್ ಕೇಸಿಗೆ ಕೈ ಹಾಕಬೇಕು. ಕೆಳಗಿನ ಸಣ್ಣ 2 ಸಿಗುತ್ತಿರಲಿಲ್ಲ, ಸಣ್ಣ ಮೊಳೆ ಹಾಕಿ ಮೇಲೆ ರಟ್ಟಿನ ತುಂಡು ಸಿಗಿಸಿ ಕೆಳಗಿಳಿಸುತ್ತಿದ್ದರು. ಉಂಗುರದ ರಚನೆಯಂತೂ ಹಿತ್ತಾಳೆ ರೂಲಿನಲ್ಲಿ ಆಗುವ ಮಾತಲ್ಲ. ರೂಲು ನೇರ ಮೂಲೆಗೆ ಬಗ್ಗುತ್ತದೆ, 120 ಡಿಗ್ರಿಗೆ ಬಗ್ಗುವುದಿಲ್ಲ. ಇಂಡಿಯನ್ ಇಂಕಿನಲ್ಲಿ ಬರೆಸಿ, ಪರ ಊರಿಗೆ ಕಳಿಸಿ ಸತುವಿನ ಬ್ಲಾಕು ಮಾಡಿಸಬೇಕು. ನಾಲ್ಕು ಪುಟದ ಪ್ರಶ್ನೆಪತ್ರಿಕೆಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಮೇಷ್ಟರು ಚಿತ್ರ ಇರುವ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಿದ್ದರು. ಹೀಗೆ ಕನ್ನಡದ ರಸಾಯನಶಾಸ್ತ್ರ ಚಿತ್ರವಿಲ್ಲದೆ ಬಾಯಿಪಾಠದ ವಿಷಯವಾಯಿತು. ಇದರಲ್ಲಿ ಭಾಷೆಯ ದೋಷ ಏನಿದೆ ಹೇಳಿ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ರಸಾಯನಶಾಸ್ತ್ರದ ಮೇಷ್ಟರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ಜೀವಮಾನವಿಡೀ ಕನ್ನಡದಲ್ಲಿ ವಿಜ್ಞಾನ ಬರೆದರು. ಬರೆಯುವವರಿಗೆ ಕನ್ನಡದಲ್ಲಿ ಮಾತು ಇತ್ತು. ಅಚ್ಚು ಹಾಕುವವನ ಹತ್ತಿರ ಸಾಮಾನು ಇರಲಿಲ್ಲ.

ಈಗ ಸಾಮಾನು ಇದೆ. ಅದರ ಹುಟ್ಟಿನ ಕತೆ ನನಗೆ ಬಹಳ ಮೆಚ್ಚುಗೆ, ಯಾಕೆಂದರೆ ಅದೂ ನಮ್ಮಂಥ ಅಚ್ಚಿನ ತಾಪತ್ರಯದಿಂದಲೇ ಹುಟ್ಟಿದ್ದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಇವಾನ್ಸ್ ಎಂಬ ರಸಾಯನಶಾಸ್ತ್ರಜ್ಞ. ಅವರ ಪ್ರಬಂಧಗಳಿಗೆ ರಚನೆಯ ಚಿತ್ರಗಳನ್ನು ಬರೆದುಕೊಡುತ್ತಿದ್ದವರು ಹೆಂಡತಿ ಸ್ಯಾಲಿ ಇವಾನ್ಸ್. ಮ್ಯಾಕಿಂತೋಷ್ ಗಣಕಯಂತ್ರ ಹೊಸದಾಗಿ ಬಂದಿತ್ತು. ಕೈಯಿಂದ ಎಳೆಯುವ ಈ ಗೆರೆಗಳನ್ನು ಯಂತ್ರವೇ ಎಳೆಯಲಿ ಎಂಬ ಯೋಚನೆ ಬಂತು. ಸ್ಟುವರ್ಟ್ ರೂಬೆನ್‌ಸ್ಟೈನ್ ಎಂಬ ವಿದ್ಯಾರ್ಥಿ ತಂತ್ರಾಂಶ ಬರೆದ. 1985ರಲ್ಲಿ 'ಕೆಮ್‌ಡ್ರಾ' ಹುಟ್ಟಿತು. ಪರಮಾಣು ಇಡುವುದು, ಬಂಧದ ಗೆರೆ ಎಳೆಯುವುದು, ಉಂಗುರವನ್ನು ಒಂದೇ ಒತ್ತಿಗೆ ತಂದು ಕೂಡಿಸುವುದು. ಇವತ್ತಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದು ನಡೆಯುತ್ತಿದೆ. ದುಡ್ಡು ಕೊಟ್ಟು ಕೊಳ್ಳುವಂಥದ್ದು, ನಮ್ಮ ಕೈಗೆ ಭಾರ.

ನಮಗೆ ಅದು ಬೇಕಾಗಿಯೂ ಇಲ್ಲ. ಕೆನಡಾದ ಟೊರಾಂಟೊದ ಕಂಪನಿಯೊಂದರ 'ಕೆಮ್‌ಸ್ಕೆಚ್' ಎಂಬುದಕ್ಕೆ ಶಾಲೆಗಳಿಗೂ ಸ್ವಂತ ಬಳಕೆಗೂ ಬಿಟ್ಟಿ ಆವೃತ್ತಿ ಇದೆ. 'ಕೆಚರ್' ಎಂಬುದು ಮುಕ್ತ ತಂತ್ರಾಂಶ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಅಣುವನ್ನು ಪರದೆಯ ಮೇಲೆ ಚೆಂಡುಕೋಲಿನ ಗೊಂಬೆಯಂತೆ ತಿರುಗಿಸಿ ತೋರಿಸಲು 'ಅವೊಗಾಡ್ರೊ' ಇದೆ, ಅದೂ ಮುಕ್ತ. ನೀರಿನ ಅಣು ನೆಟ್ಟಗೆ ನಿಂತಿಲ್ಲ, 104.5 ಡಿಗ್ರಿಗೆ ಬಾಗಿದೆ ಎಂದು ಮೇಷ್ಟರು ಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ಹುಡುಗರಿಗೆ ಅದು ಬರೀ ಅಂಕಿ. ತಿರುಗಿಸಿ ತೋರಿಸಿದರೆ ಹಿಂದಿನ ಬೆಂಚಿನವನೂ ಎದ್ದು ನಿಲ್ಲುತ್ತಾನೆ.

ಕೋರೆಲ್‌ಡ್ರಾನಲ್ಲಿ ಷಟ್ಕೋನ ಬರೆಯಲು ಬರುವುದಿಲ್ಲವೇ, ಇವೆಲ್ಲ ಯಾಕೆ ಎಂದು ನಮ್ಮ ಹುಡುಗರು ಕೇಳಿದರು. ಬರುತ್ತದೆ. ಆದರೆ ಕೋರೆಲ್‌ಡ್ರಾಗೆ ಅದು ಷಟ್ಕೋನ, ಈ ತಂತ್ರಾಂಶಗಳಿಗೆ ಅದು ಬೆಂಜೀನ್. ಇಂಗಾಲಕ್ಕೆ ಐದನೇ ಕೈ ಅಂಟಿಸಿ ನೋಡಿ. ಕೋರೆಲ್‌ಡ್ರಾ ಸುಮ್ಮನಿರುತ್ತದೆ, ಕೆಚರ್ ತಕ್ಷಣ ಕೆಂಪು ಗೆರೆ ಎಳೆದು ತಪ್ಪು ಎನ್ನುತ್ತದೆ. ನಮ್ಮ ಪ್ರೆಸ್ಸುಗಳಲ್ಲಿ ಪ್ರೂಫ್ ತಿದ್ದುವವನಿಗೆ ಹಳಗನ್ನಡ ಗೊತ್ತಿರಬಹುದು, ಸಾವಯವ ರಸಾಯನ ಗೊತ್ತಿರುವುದಿಲ್ಲ. ಹೀಗಿರುವಾಗ ಅಣುವಿಗೆ ಪ್ರೂಫ್ ನೋಡುವ ಯಂತ್ರ ಸಿಕ್ಕರೆ ಬಿಡುತ್ತೀರಾ?

ನಾನು ಎಲ್ಲರಿಗೂ ಮೊದಲು ಬರೆಯಲು ಹೇಳುವುದು ಸಕ್ಕರೆಯನ್ನು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ನೋಡಿ ಬೆಳೆದ ಹುಡುಗರು ನಾವು. ಆ ಚೀಲದೊಳಗಿನ ಹರಳು ಎಂಥದ್ದು ನೋಡಬೇಡವೇ? ಸುಕ್ರೋಸ್ ಎಂದರೆ ಎರಡು ಉಂಗುರ. ಒಂದು ಆರು ಮೂಲೆಯ ಗ್ಲೂಕೋಸ್, ಇನ್ನೊಂದು ಐದು ಮೂಲೆಯ ಫ್ರಕ್ಟೋಸ್, ಎರಡರ ನಡುವೆ ಆಮ್ಲಜನಕದ ಒಂದು ಸೇತುವೆ. ಕೆಮ್‌ಸ್ಕೆಚ್‌ನಲ್ಲಿ ಸಕ್ಕರೆಗಳ ಉಂಗುರದ ಅಚ್ಚುಗಳು ಸಿದ್ಧವಾಗಿಯೇ ಇವೆ. ಆರಿಸಿ ಇಡಬೇಕು, ಸೇತುವೆ ಕಟ್ಟಬೇಕು. ಆಮೇಲೆ ಸೂತ್ರ ಹೇಳು ಎಂದು ಕೇಳಿ. ಸಿ12 ಎಚ್22 ಓ11, ಅಣುತೂಕ 342.3 ಎಂದು ಬಂದರೆ ನಿಮ್ಮ ಚಿತ್ರದಲ್ಲಿ ಎಲ್ಲ ಪರಮಾಣುಗಳೂ ಇವೆ. ಜಲಜನಕ 20 ಎಂದು ಬಂದರೆ ಎಲ್ಲೋ ಒಂದು ಗೆರೆ ಜಾಸ್ತಿ ಬಿದ್ದಿದೆ, ಹುಡುಕಿ. ಅದು ಕೈಗೆ ಕೂತ ಮೇಲೆ ಮೂಡಲಗಿ ಕಡೆಯ ಹೊಲದ ಅರಿಷಿಣಕ್ಕೆ ಹೋಗಿ: ಕರ್ಕ್ಯುಮಿನ್, ಸಿ21 ಎಚ್20 ಓ6, ಎರಡು ಬೆಂಜೀನ್ ಉಂಗುರಗಳ ನಡುವೆ ಏಳು ಇಂಗಾಲದ ಸರಪಳಿ. ಸೋಪು ತಗುಲಿದರೆ ಅರಿಷಿಣದ ಕಲೆ ಕೆಂಪಾಗುವುದು ಇದರಿಂದಲೇ. ಸಂಕೇಶ್ವರಿ ಮೆಣಸಿನಕಾಯಿಯ ಖಾರಕ್ಕೂ ಚಿತ್ರವಿದೆ, ಕ್ಯಾಪ್ಸೈಸಿನ್. ಅದನ್ನು ನೀವೇ ಹುಡುಕಿಕೊಳ್ಳಿ.

ಮೊಳೆ ಜೋಡಿಸಿದ ಮನೆತನದವನಾದ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಬೇರೊಂದು. 1980ರ ದಶಕದಲ್ಲಿ ಡೇವಿಡ್ ವೈನಿಂಗರ್ ಎಂಬಾತ, ಅಣುವನ್ನು ಚಿತ್ರವಿಲ್ಲದೆ ಬರೀ ಅಕ್ಷರಗಳ ಸಾಲಾಗಿ ಬರೆಯುವ ಪದ್ಧತಿ ಮಾಡಿದ. ಹೆಸರು 'ಸ್ಮೈಲ್ಸ್'. ಸಿ, ಸಿ, ಓ ಎಂದು ಮೂರು ಕೀಲಿ ಒತ್ತಿದರೆ ಈಥೈಲ್ ಆಲ್ಕೋಹಾಲ್. ಸಿ, ಓ ಎಂದು ಎರಡೇ ಒತ್ತಿದರೆ ಮೀಥೈಲ್ ಆಲ್ಕೋಹಾಲ್. (ಸಾಮಾನ್ಯ ಸೂತ್ರದಲ್ಲಿ ಸಿಓ ಎಂದರೆ ಇಂಗಾಲದ ಮಾನಾಕ್ಸೈಡ್, ಇಲ್ಲಿ ಹಾಗಲ್ಲ, ಜಲಜನಕವನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ.) ಅಕ್ಷರದ ಸಾಲನ್ನು ತಂತ್ರಾಂಶದಲ್ಲಿ ಅಂಟಿಸಿ, ಚಿತ್ರ ತಾನೇ ಬಿಡಿಸಿಕೊಳ್ಳುತ್ತದೆ. ಕಂಪೋಸಿಟರಿಗೆ ಇದಕ್ಕಿಂತ ಏನು ಬೇಕು? ಅಮೆರಿಕ ಸರ್ಕಾರ 2004ರಿಂದ ನಡೆಸುತ್ತಿರುವ 'ಪಬ್‌ಕೆಮ್' ಎಂಬ ಭಂಡಾರದಲ್ಲಿ ಕೋಟಿಗಟ್ಟಲೆ ಪದಾರ್ಥಗಳಿಗೆ ಈ ಸಾಲುಗಳು ಬಿಟ್ಟಿಯಾಗಿ ಸಿಗುತ್ತವೆ. ಅಲ್ಲಿನ ಚಿತ್ರವನ್ನು ನಕಲು ಮಾಡಬೇಡಿ, ಸಾಲನ್ನು ನಕಲು ಮಾಡಿ. ನಕಲು ಚಿತ್ರ ಚುಕ್ಕೆಗಳದ್ದು, ಅಚ್ಚಿನಲ್ಲಿ ಕಂಬಳಿಹುಳದಂತೆ ಬರುತ್ತದೆ.

ಈಗ ಆ ಸುಳ್ಳಿನೊಳಗಿನ ನಿಜಕ್ಕೆ ಬರುತ್ತೇನೆ. ಕನ್ನಡ ಫಾಂಟಿನಲ್ಲಿ ಚಿತ್ರ ಕೂಡುವುದಿಲ್ಲ ಎಂದರಲ್ಲ, ಅದು ಯಾಕೆ?

ನಮ್ಮ ಊರುಗಳ ಪ್ರೆಸ್ಸುಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ನಡೆಯುತ್ತದೆ. ಅದರ ಕೊನೆಯ ಆವೃತ್ತಿ 2001ರದ್ದು. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರಲ್ಲಿ ಕನ್ನಡ ತರಲು ನುಡಿಯ ಹಳೆ ಫಾಂಟು ಹಾಕುತ್ತೇವೆ. ಆ ಫಾಂಟು ಮಾಡಿರುವುದು ಹೇಗೆಂದರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಅಕ್ಷರಗಳನ್ನು, ತುಂಡುಗಳನ್ನು ಕೂಡಿಸಿದ್ದಾರೆ. ದೊಡ್ಡ ಸಿ ಇದ್ದ ಮನೆಯಲ್ಲಿ ಅ ಕೂತಿದೆ. ಎಚ್ ಇದ್ದ ಮನೆಯಲ್ಲಿ ಊ, ಓ ಇದ್ದ ಮನೆಯಲ್ಲಿ ಔ. ಆಪರೇಟರ್ ಹುಡುಗ ರಚನೆ ತಂದು ಪುಟದಲ್ಲಿ ಕೂಡಿಸುತ್ತಾನೆ, ಎಲ್ಲ ಸರಿ ಇದೆ. ಕೊನೆಗೆ ಪುಟವನ್ನೆಲ್ಲ ಒಟ್ಟಿಗೆ ಹಿಡಿದು ಫಾಂಟು ಬದಲಿಸುತ್ತಾನೆ. ನೀರು 'ಊ೨ಔ' ಆಗುತ್ತದೆ. ಈಥೈಲ್ ಆಲ್ಕೋಹಾಲ್ 'ಅಊ೩ಅಊ೨ಔಊ' ಆಗುತ್ತದೆ. ಅದು ಆಲ್ಕೋಹಾಲಿನ ಸೂತ್ರ ಅಲ್ಲ, ಅದನ್ನು ಕುಡಿದವನ ಮಾತು!

ಇದಕ್ಕೆ ಹೆದರಿ ಚಿತ್ರವನ್ನೇ ಕೈಬಿಟ್ಟು ಖಾಲಿ ಚೌಕ ಹಾಕುತ್ತಾರೆ. ಪರಿಹಾರ ಮಾತ್ರ ಹತ್ತು ನಿಮಿಷದ್ದು. ಹಳೆ ಪದ್ಧತಿಯಲ್ಲೇ ಇರುವವರು, ರಚನೆಯನ್ನು ಕೋರೆಲ್‌ಡ್ರಾಗೆ ತಂದಕೂಡಲೇ ಅದರ ಅಕ್ಷರಗಳನ್ನು 'ಕರ್ವ್ಸ್'ಗೆ ಬದಲಿಸಿರಿ. ಆಗ ಅವು ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರ. ಯಾವ ಫಾಂಟೂ ಅವನ್ನು ಮುಟ್ಟಲಾರದು. ಮೂಲ ಕಡತವನ್ನು ಮಾತ್ರ ಬೇರೆ ಇಟ್ಟುಕೊಳ್ಳಿ, ನಾಳೆ ಮೇಷ್ಟರು ಒಂದು ಪರಮಾಣು ಬದಲಿಸು ಎಂದರೆ ಬೇಕಾಗುತ್ತದೆ. ಹೊಸ ಪದ್ಧತಿಗೆ ಬರುವವರಿಗೆ ಹಾದಿ ಇನ್ನೂ ನೇರ. ಕೆಚರಿನಲ್ಲಿ ಬರೆದು ಎಸ್‌ವಿಜಿ ಕಡತವಾಗಿ ಉಳಿಸಿ. ಅದನ್ನು ಇಂಕ್‌ಸ್ಕೇಪಿನಲ್ಲಿ ತೆರೆದು ಕನ್ನಡದ ಹೆಸರು, ಬಾಣದ ಗುರುತುಗಳನ್ನು ಯೂನಿಕೋಡಿನಲ್ಲಿ ಬರೆಯಿರಿ. ಅಣುವಿನ ತಂತ್ರಾಂಶದೊಳಗೇ ಕನ್ನಡ ಬರೆಯಲು ಹೋದರೆ ಕೆಲವುದರಲ್ಲಿ ಒತ್ತಕ್ಷರ ಒಡೆಯುತ್ತದೆ, ಆಮ್ಲದ ಮ್ಲ ಎರಡು ಹೋಳಾಗುತ್ತದೆ. ಇಂಕ್‌ಸ್ಕೇಪಿನಲ್ಲಿ ಒಡೆಯುವುದಿಲ್ಲ. ಇಂಕ್‌ಸ್ಕೇಪೂ ಬಿಟ್ಟಿಯೇ.

ಅಳತೆಯ ಮಾತು ಹೇಳದಿದ್ದರೆ ನಾನು ಪ್ರೆಸ್ಸಿನವನೇ ಅಲ್ಲ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಗಳಿಗೆಂದು ಒಂದು ಅಳತೆ ಗೊತ್ತು ಮಾಡಿದ್ದಾರೆ: ಬಂಧದ ಗೆರೆ 14.4 ಪಾಯಿಂಟ್ ಉದ್ದ, 0.6 ಪಾಯಿಂಟ್ ದಪ್ಪ, ಅಕ್ಷರ 10 ಪಾಯಿಂಟ್ ಏರಿಯಲ್. 14.4 ಪಾಯಿಂಟ್ ಎಂದರೆ ಇಂಚಿನ ಐದನೇ ಒಂದು ಭಾಗ. ಅವರ ಕಾಗದ, ಅವರ ಯಂತ್ರಕ್ಕೆ ಅದು ಸರಿ. ನಮ್ಮ ಪ್ರಶ್ನೆಪತ್ರಿಕೆ ಅಚ್ಚಾದ ಮೇಲೆ ಹಳ್ಳಿಯ ಝೆರಾಕ್ಸ್ ಅಂಗಡಿಯಲ್ಲಿ ಇನ್ನೆರಡು ಸಲ ನಕಲಾಗುತ್ತದೆ. ಅದಕ್ಕೆ ನಾನು ಗೆರೆ 18 ಪಾಯಿಂಟ್, ದಪ್ಪ 0.8 ಇಡಿಸುತ್ತೇನೆ. ಇನ್ನೊಂದು: ಕನ್ನಡದ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಇಂಗ್ಲಿಷ್ ಪದ ಕೂತ ಜಾಗದಲ್ಲಿ 'ಆಮ್ಲಜನಕ' ಕೂಡಿಸಿದರೆ ಒತ್ತು ಹೋಗಿ ಬಂಧದ ಗೆರೆಗೆ ಬಡಿಯುತ್ತದೆ. ಓದುವ ಮಗು ಅದನ್ನೂ ಒಂದು ಬಂಧ ಎಂದು ಎಣಿಸೀತು. ಜಾಗ ಬಿಡಿ.

ಇಲ್ಲಿ ನಮ್ಮದೇ ಗೆಳೆಯರ ಜೊತೆ ನನ್ನದೊಂದು ತಕರಾರು ಇದೆ. ಕೆಲವರು ಹೇಳುತ್ತಾರೆ: ಎಚ್, ಓ ಯಾಕೆ, ಅದೂ ಇಂಗ್ಲಿಷ್ ಹೇರಿಕೆಯೇ, ಜಲಜನಕಕ್ಕೆ 'ಜ', ಆಮ್ಲಜನಕಕ್ಕೆ 'ಆ' ಎಂದು ಬರೆಯೋಣ. ಅಭಿಮಾನ ದೊಡ್ಡದು, ವಿಚಾರ ಸರಿಯಿಲ್ಲ. ಆ ಅಕ್ಷರಗಳು ಇಂಗ್ಲಿಷಿನವಲ್ಲ. 1813ರ ಸುಮಾರಿಗೆ ಸ್ವೀಡನ್ನಿನ ಬರ್ಜೀಲಿಯಸ್ ಎಂಬಾತ ಲ್ಯಾಟಿನ್ ಹೆಸರುಗಳಿಂದ ಆರಿಸಿ ಇಟ್ಟ ಗುರುತುಗಳು. ಕಬ್ಬಿಣಕ್ಕೆ ಎಫ್‌ಇ ಎಂದು ಬರೆಯುವಾಗ ಲಂಡನ್ನಿನ ಹುಡುಗನೂ 'ಐರನ್'ನಲ್ಲಿ ಎಫ್ ಎಲ್ಲಿದೆ ಎಂದು ತಲೆ ಕೆರೆದುಕೊಳ್ಳುತ್ತಾನೆ. ರಷ್ಯನ್ನರ ಲಿಪಿ ಬೇರೆ, ಜಪಾನಿಯರ ಲಿಪಿ ಬೇರೆ. ಅವರ ಪುಸ್ತಕದಲ್ಲೂ ನೀರು ಎಚ್2ಓ. ಉಳಿದ ಪುಸ್ತಕವೆಲ್ಲ ಅವರವರ ಭಾಷೆಯಲ್ಲಿದೆ, ಅದನ್ನು ನೋಡಿ. ಗುರುತು ಜಗತ್ತಿನದ್ದು ಇರಲಿ; ವಿವರಣೆ, ಹೆಸರು, ಪ್ರಶ್ನೆ ನಮ್ಮದಿರಲಿ. ನಮ್ಮ ಹೋರಾಟ ನಡೆಯಬೇಕಾದದ್ದು ಆ ಖಾಲಿ ಚೌಕದ ಮೇಲೆ, ಎಚ್ ಮೇಲಲ್ಲ.

ಹೆಸರಿನ ವಿಷಯದಲ್ಲಂತೂ ಕೆಲಸ ಬೆಟ್ಟದಷ್ಟಿದೆ. ಜಲಜನಕ, ಆಮ್ಲಜನಕ ಎಂಬ ಹೆಸರುಗಳು ಹೈಡ್ರೋಜನ್, ಆಕ್ಸಿಜನ್ ಎಂಬುದರ ಅರ್ಥವನ್ನೇ ಕನ್ನಡಕ್ಕೆ ತಂದವು: ನೀರು ಹುಟ್ಟಿಸುವುದು, ಆಮ್ಲ ಹುಟ್ಟಿಸುವುದು. (ಆಮ್ಲ ಎಲ್ಲದರಲ್ಲೂ ಆಕ್ಸಿಜನ್ ಇರುತ್ತದೆ ಎಂದು ಲಾವಾಸಿಯೆ ನಂಬಿದ್ದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಲ್ಲ. ಅವನ ನಂಬಿಕೆಯನ್ನೂ ನಾವು ಅನುವಾದ ಮಾಡಿಕೊಂಡೆವು, ಇರಲಿ.) ಈಗಿನ ಹತ್ತನೇ ತರಗತಿಯ ಪುಸ್ತಕದ ಪಾಠದ ಹೆಸರು 'ಕಾರ್ಬನ್ ಮತ್ತು ಅದರ ಸಂಯುಕ್ತಗಳು'. ಹಳೆಯ ಮೇಷ್ಟರು ಇಂಗಾಲ ಎಂದೇ ಬರೆದು ತರುತ್ತಾರೆ. ಒಬ್ಬರ ಹಾಳೆಯಲ್ಲಿ ಇಥೇನ್, ಇನ್ನೊಬ್ಬರಲ್ಲಿ ಈಥೇನ್, ಮತ್ತೊಬ್ಬರಲ್ಲಿ ಎಥೇನ್. ಒಂದೇ ಪುಟದಲ್ಲಿ ಮೂರನ್ನೂ ಕಂಡಿದ್ದೇನೆ.

ಇದು ಬರೀ ಕಾಗುಣಿತದ ಚಾಳಿ ಅಲ್ಲ. ಈಥೇನ್, ಈಥೀನ್, ಈಥೈನ್ ಈ ಮೂರನ್ನು ನಿಧಾನವಾಗಿ ಓದಿ ನೋಡಿ. ಥೇ ಎಂದರೆ ಇಂಗಾಲಗಳ ನಡುವೆ ಒಂದು ಗೆರೆ, ಥೀ ಎಂದರೆ ಎರಡು, ಥೈ ಎಂದರೆ ಮೂರು. ಎರಡನೆಯದು ಬಾಳೆಹಣ್ಣು ಮಾಗಿಸುವ ಅನಿಲ, ಮೂರನೆಯದು ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್. ಒಂದು ಗುಡಿಸು, ಒಂದು ಐತ್ವ ತಪ್ಪಿದರೆ ಬಂಧವೇ ತಪ್ಪುತ್ತದೆ. ನೋಡಿ, ನಮ್ಮ ಕಾಗುಣಿತವೇ ಇಲ್ಲಿ ರಸಾಯನಶಾಸ್ತ್ರ ಹೇಳುತ್ತಿದೆ! ಮೀಥ್, ಈಥ್, ಪ್ರೊಪ್, ಬ್ಯೂಟ್ ಎಂಬ ತಲೆಗಳು; ಏನ್, ಈನ್, ಐನ್, ಆಲ್ ಎಂಬ ಬಾಲಗಳು. ನಿಯಮ ಇಷ್ಟು ಚೊಕ್ಕವಾಗಿದ್ದರೆ ಯಂತ್ರಕ್ಕೆ ಕಲಿಸುವುದು ಕಷ್ಟವೇ? ಚಿತ್ರ ಬರೆದು ಹೆಸರು ಕೇಳಿದರೆ ಕೆಮ್‌ಸ್ಕೆಚ್ ಇಂಗ್ಲಿಷಿನಲ್ಲಿ ಹೆಸರು ಕೊಡುತ್ತದೆ. ನಾನು ಬಳಸಿದ ಯಾವ ತಂತ್ರಾಂಶವೂ ಕನ್ನಡದಲ್ಲಿ ಕೊಟ್ಟಿಲ್ಲ.

ಇಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತೇನೆ, ನಗರದ ಗೆಳೆಯರೇ. ನಿಮ್ಮಲ್ಲಿ ಎಷ್ಟು ಜನ ತಂತ್ರಾಂಶದ ಕಂಪನಿಗಳಲ್ಲಿ ದುಡಿಯುತ್ತೀರಿ! ಅಂಗಡಿಯ ನಾಮಫಲಕದಲ್ಲಿ ಕನ್ನಡ ಇಲ್ಲವೆಂದು ಬೀದಿಗಿಳಿಯುತ್ತೀರಿ, ಅದು ಬೇಕು, ಬೇಡವೆನ್ನುವುದಿಲ್ಲ. ಆದರೆ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲೂ ಇದೆ, ಜೆಇಇ ಮೇನ್ 2021ರಿಂದ ಇದೆ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಎಲ್ಲಿ? ರಚನೆಗಳಿರುವ ಅಭ್ಯಾಸದ ಪುಸ್ತಕ ಕನ್ನಡದಲ್ಲಿ ಕೊಡಿ ಎಂದು ಮೂಡಲಗಿಯ ಒಬ್ಬ ಹುಡುಗ ನನ್ನ ಅಂಗಡಿಗೆ ಬಂದು ಕೇಳಿದ. ನಾನು ಅಚ್ಚು ಹಾಕುವವನು, ಪುಸ್ತಕ ಮಾರುವವನಲ್ಲ. ಆದರೂ ಪ್ರೆಸ್ಸು ಎಂದ ಮೇಲೆ ಪುಸ್ತಕ ಇರುತ್ತದೆ ಎಂದು ಅವನ ಲೆಕ್ಕ. ಬರಿಗೈಯಲ್ಲಿ ಹೋದ.

ಹತ್ತನೇ ತರಗತಿಯ ಆ ಒಂದು ಪಾಠವನ್ನೇ ಹಿಡಿಯಿರಿ. ಅದರಲ್ಲಿ ಬರುವ ಒಂದೊಂದು ರಚನೆಗೂ ಒಂದು ಎಸ್‌ವಿಜಿ ಕಡತ, ಕನ್ನಡದ ಹೆಸರು, ಪಕ್ಕದಲ್ಲಿ ಅದರ ಸ್ಮೈಲ್ಸ್ ಸಾಲು. ಇಬ್ಬರು ಕೂತರೆ ಎರಡು ಭಾನುವಾರದ ಕೆಲಸ. ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿಯಾಗಿ ಇಡಿ. ಆಮೇಲೆ ಪಿಯುಸಿಯ ಪುಸ್ತಕಕ್ಕೆ ಹೋಗೋಣ, ಅದು ದೊಡ್ಡ ಹೊಲ. ರಸಾಯನಶಾಸ್ತ್ರದ ಮೇಷ್ಟರೊಬ್ಬರಿಂದ ನೋಡಿಸದೆ ಮಾತ್ರ ಒಂದನ್ನೂ ಹೊರಗೆ ಬಿಡಬೇಡಿ. ಯಂತ್ರ ಕೈಗಳನ್ನು ಎಣಿಸುತ್ತದೆ ಅಷ್ಟೇ. ಬ್ಯೂಟೇನ್ ಕೇಳಿದಲ್ಲಿ ಐಸೋಬ್ಯೂಟೇನ್ ಬರೆದಿದ್ದರೆ ಅದಕ್ಕೂ ಹೂಂ ಎನ್ನುತ್ತದೆ, ಎರಡರದ್ದೂ ಸೂತ್ರ ಒಂದೇ, ಸಿ4 ಎಚ್10.

ಕಡತ ಕಳಿಸುವಾಗ ಯೂನಿಕೋಡ್ ಇರಲಿ, ಗೆರೆ 0.8 ಪಾಯಿಂಟಿಗಿಂತ ತೆಳ್ಳಗೆ ಬೇಡ, ಬಣ್ಣ ಹಚ್ಚಬೇಡಿ. ನಮ್ಮ ಕಡೆ ಪ್ರಶ್ನೆಪತ್ರಿಕೆ ಕಪ್ಪುಬಿಳುಪಿನಲ್ಲೇ ಅಚ್ಚಾಗುವುದು. ಡಿಸೆಂಬರಿಗೆ ಮೊದಲು ಕೈಗೆ ಬಂದರೆ ಈ ಸಲದ ಪೂರ್ವಸಿದ್ಧತಾ ಪತ್ರಿಕೆಗಳಿಗೇ ಹಾಕುತ್ತೇನೆ.